ಗಾಲ್ಫ್ ಆಟದ ಲೆಕ್ಕ: ಹೊಸಬರಿಗೆ ಒಂದು ಪರಿಚಯ

ಬಾಗಲಕೋಟೆ, ಬಾದಾಮಿ, ಹುನಗುಂದ ಹಾಗೂ ಇಳಕಲ್ ಭಾಗದ ವ್ಯಾಪಾರಸ್ಥರಿಗೆ ಗಾಲ್ಫ್ ಪರಿಚಿತವಾದ ಆಟವಲ್ಲ. ಆದರೆ ಇಳಕಲ್ಲಿನ ಗ್ರಾನೈಟ್ ಅಥವಾ ಸೀರೆಯ ಮಾರಾಟಕ್ಕಾಗಿ ಬೆಂಗಳೂರಿನ ದೊಡ್ಡ ಖರೀದಿದಾರರೊಡನೆ, ರಫ್ತುದಾರರೊಡನೆ ವ್ಯವಹರಿಸುವವರು ಒಂದಿಲ್ಲೊಂದು ದಿನ ಈ ಆಟದ ಮಾತು ನಡೆಯುವ ಕಡೆ ಕುಳಿತಿರಬೇಕಾಗುತ್ತದೆ. ಬೆಂಗಳೂರು ಗಾಲ್ಫ್ ಕ್ಲಬ್ 1876ರಷ್ಟು ಹಿಂದೆಯೇ ಸ್ಥಾಪನೆಯಾದ ಸಂಸ್ಥೆ. ಅಲ್ಲಿನ ಉದ್ಯಮಿಗಳ ವಲಯದಲ್ಲಿ ಈ ಆಟದ ಪರಿಭಾಷೆ ದಿನಬಳಕೆಯ ಮಾತಾಗಿದೆ. ಆಟವನ್ನು ಕಲಿಯಲು ವರ್ಷಗಳು ಬೇಕಾಗಬಹುದು. ಅದರ ಲೆಕ್ಕವನ್ನು ತಿಳಿಯಲು, ಕಿರ್ದಿ ಖತಾವಣಿ ಬರೆದು ರೂಢಿಯಿರುವವರಿಗೆ, ಅರ್ಧ ಗಂಟೆ ಸಾಕು.

ನಮ್ಮ ಹಳ್ಳಿಗಳ ಚಿಣ್ಣಿದಾಂಡಿನಲ್ಲಿ ಚಿಣ್ಣಿ ದೂರ ಹೋದಷ್ಟೂ ಲಾಭ. ಗಾಲ್ಫಿನ ಲೆಕ್ಕ ಇದಕ್ಕೆ ತಿರುಗು ಮುರುಗು. ಇಲ್ಲಿ ಪ್ರತಿಯೊಂದು ಹೊಡೆತವೂ ಖರ್ಚಿನ ಬಾಬತ್ತು. ಕಡಿಮೆ ಖರ್ಚಿನಲ್ಲಿ ಚೆಂಡನ್ನು ಕುಳಿಗೆ ಇಳಿಸಿದವನೇ ಗೆದ್ದವನು. ಇನ್ನೂರು ಗಜ ಹಾರಿದ ಹೊಡೆತಕ್ಕೂ ಒಂದೇ, ಕುಳಿಯ ಬಾಯಲ್ಲಿ ನಿಂತ ಚೆಂಡನ್ನು ಗೇಣುದ್ದ ತಳ್ಳಿದ್ದಕ್ಕೂ ಒಂದೇ. ಹೊಡೆಯುವ ಉದ್ದೇಶದಿಂದ ಕೋಲು ಬೀಸಿ ಚೆಂಡು ತಗಲದಿದ್ದರೂ ಒಂದು ಹೊಡೆತ ಬರೆಯಲೇಬೇಕು. ಹೊಸಬರು ಹೆಚ್ಚಾಗಿ ಮರೆಯುವುದು ಈ ಕೊನೆಯ ಬಾಬತ್ತನ್ನೇ.

ಪೂರ್ಣ ಸುತ್ತಿನಲ್ಲಿ 18 ಕುಳಿಗಳು. ನುರಿತ ಆಟಗಾರನಿಗೆ ಒಂದೊಂದು ಕುಳಿಗೆ ಎಷ್ಟು ಹೊಡೆತ ಬೇಕಾಗಬಹುದೆಂಬ ಅಂದಾಜನ್ನು ಮೊದಲೇ ಗೊತ್ತುಪಡಿಸಲಾಗಿರುತ್ತದೆ. ಅದಕ್ಕೆ ಪಾರ್ ಎಂದು ಹೆಸರು. ಕುಳಿಯ ದೂರಕ್ಕೆ ತಕ್ಕಂತೆ ಪಾರ್ ಸಾಮಾನ್ಯವಾಗಿ 3, 4 ಅಥವಾ 5 ಇರುತ್ತದೆ. ನಾಲ್ಕು ಕುಳಿಗಳಿಗೆ 3, ಹತ್ತಕ್ಕೆ 4, ಉಳಿದ ನಾಲ್ಕಕ್ಕೆ 5 ಎಂದಿದ್ದರೆ ಮೈದಾನದ ಪಾರ್ 72 ಆಗುತ್ತದೆ. ವ್ಯಾಪಾರದ ಮಾತಿನಲ್ಲಿ ಹೇಳುವುದಾದರೆ ಇದು ಅಂದಾಜು ಪತ್ರಿಕೆ; ಆಟಗಾರನ ನಿಜವಾದ ಖರ್ಚನ್ನು ಇದರೊಡನೆ ತಾಳೆ ನೋಡಲಾಗುತ್ತದೆ. ಅಂದಾಜಿಗಿಂತ ಒಂದು ಹೊಡೆತ ಉಳಿಸಿದರೆ ಬರ್ಡಿ, ಎರಡು ಉಳಿಸಿದರೆ ಈಗಲ್. ಒಂದು ಹೆಚ್ಚಾದರೆ ಬೋಗಿ, ಎರಡು ಹೆಚ್ಚಾದರೆ ಡಬಲ್ ಬೋಗಿ. ಮೂರು ಉಳಿಸುವ ಆಲ್ಬಟ್ರಾಸ್ ತೀರಾ ಅಪರೂಪದ್ದು.

ದಂಡದ ಹೊಡೆತಗಳನ್ನೂ ಖರ್ಚಿಗೇ ಸೇರಿಸಬೇಕು. ಪಾರ್ 4 ಇರುವ ಕುಳಿಯಲ್ಲಿ ಮೊದಲ ಹೊಡೆತಕ್ಕೇ ಚೆಂಡು ಎಲ್ಲೆ ದಾಟಿತೆಂದು ಭಾವಿಸೋಣ. ಹೊಡೆದದ್ದು ಒಂದು, ದಂಡ ಒಂದು. ಅದೇ ಜಾಗದಿಂದ ಮತ್ತೆ ಹೊಡೆಯುವುದು ಮೂರನೆಯದು. ನಾಲ್ಕನೆಯದರಲ್ಲಿ ಚೆಂಡು ಕುಳಿಯ ಸುತ್ತಲಿನ ನುಣುಪು ಹುಲ್ಲಿಗೆ ಬಂದು, ಎರಡು ತಳ್ಳುಗಳಲ್ಲಿ ಒಳಗಿಳಿದರೆ ಬರೆಯಬೇಕಾದದ್ದು 6. ಕಣ್ಣಿಗೆ ಕಾಣುವ ಹೊಡೆತಗಳು ಐದೇ. ಆರನೆಯದನ್ನು ಬರೆಯುವುದು ಆಟಗಾರನ ಪ್ರಾಮಾಣಿಕತೆಗೆ ಬಿಟ್ಟ ಮಾತು, ಏಕೆಂದರೆ ಸಾಮಾನ್ಯ ಆಟದಲ್ಲಿ ಪಕ್ಕದಲ್ಲಿ ನಿಂತು ಎಣಿಸುವ ಅಂಪೈರ್ ಇರುವುದಿಲ್ಲ. ಜೊತೆಗಾರರು ಬಾಯಿ ಬಿಟ್ಟು ಹೇಳದಿದ್ದರೂ ಗಮನಿಸುತ್ತಾರೆ. ಆಟ ಬಾರದವರನ್ನು ಅವರು ಸಹಿಸಿಕೊಂಡಾರು, ಹೊಡೆತ ಬಚ್ಚಿಟ್ಟವರೊಡನೆ ಮರುದಿನ ಕರಾರಿಗೆ ಕೂರಲು ಹಿಂಜರಿದಾರು.

ಒಂದೊಂದು ಹೊಡೆತದ ಬೆಲೆ ಏನೆಂಬುದಕ್ಕೆ ಕನ್ನಡ ನಾಡಿನದೇ ಉದಾಹರಣೆಯಿದೆ. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕು ದಿನ ಆಡಿ ಕ್ರಮವಾಗಿ 67, 66, 68, 68 ಹೊಡೆತ ಬರೆದರು, ಒಟ್ಟು 269. ಮೈದಾನದ ಪಾರ್ 71, ನಾಲ್ಕು ದಿನಕ್ಕೆ 284. ಹೀಗಾಗಿ ಅವರದು ಪಾರ್‌ಗಿಂತ 15 ಕಡಿಮೆ. ಫಲಿತಾಂಶ ಪಟ್ಟಿಯಲ್ಲಿ ಇದನ್ನು ಮೈನಸ್ 15 ಎಂದು ತೋರಿಸುತ್ತಾರೆ. ಖತಾವಣಿಯಲ್ಲಿ ಮೈನಸ್ ಕಂಡರೆ ಗಾಬರಿಯಾಗುವವರು ಇಲ್ಲಿ ಸಂತೋಷಪಡಬೇಕು. ಅಮೆರಿಕದ ನೆಲ್ಲಿ ಕೊರ್ಡಾ 267ರೊಂದಿಗೆ ಚಿನ್ನ ಪಡೆದರು. ಜಪಾನಿನ ಮೋನೆ ಇನಾಮಿ ಮತ್ತು ನ್ಯೂಜಿಲೆಂಡಿನ ಲಿಡಿಯಾ ಕೋ ಇಬ್ಬರದೂ 268. ಮೂರನೆಯ ದಿನದ ಕೊನೆಗೆ ಎರಡನೆಯ ಸ್ಥಾನದಲ್ಲಿದ್ದ ಅದಿತಿಯವರಿಗೆ ಒಂದೇ ಒಂದು ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯ ಸ್ಥಾನ ದೊರೆಯಿತು.

ಇಂಥ ನುರಿತವರೊಡನೆ ಹೊಸಬರು ಆಡುವುದೆಂತು? ಅದಕ್ಕಾಗಿ ಹ್ಯಾಂಡಿಕ್ಯಾಪ್ ಎಂಬ ರಿಯಾಯಿತಿಯಿದೆ. ಚೀಲದ ತೂಕ ಕಳೆದು ಮಾಲಿನ ನಿವ್ವಳ ತೂಕ ಹಿಡಿಯುವಂತೆ, ಒಟ್ಟು ಹೊಡೆತಗಳಿಂದ ಈ ರಿಯಾಯಿತಿಯನ್ನು ಕಳೆದು ನಿವ್ವಳ ಅಂಕ ಹಿಡಿಯುತ್ತಾರೆ. 20ರ ರಿಯಾಯಿತಿಯಿರುವವನು 92 ಹೊಡೆತಗಳಲ್ಲಿ ಮುಗಿಸಿದರೆ ನಿವ್ವಳ 72. 6ರ ರಿಯಾಯಿತಿಯವನು 80ರಲ್ಲಿ ಮುಗಿಸಿದರೆ 74. ಗೆಲುವು ಮೊದಲನೆಯವನದು. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಂತೆ ಕಡೆಯ 20 ಸುತ್ತುಗಳಲ್ಲಿ ಉತ್ತಮವಾದ ಎಂಟರ ಸರಾಸರಿಯ ಮೇಲೆ ಇದು ನಿರ್ಧಾರವಾಗುತ್ತದೆ. ಗರಿಷ್ಠ ಮಿತಿ 54. ಆಡುವ ಮೈದಾನ ಎಷ್ಟು ಕಠಿಣವೆಂಬುದನ್ನು ನೋಡಿ ಆ ದಿನ ಕಳೆಯಬೇಕಾದ ಹೊಡೆತಗಳನ್ನು ಹೊಂದಿಸಿಕೊಳ್ಳುತ್ತಾರೆ. ಚೆನ್ನಾಗಿ ಆಡಿದ ಸುತ್ತುಗಳ ಲೆಕ್ಕ ಒಪ್ಪಿಸದೆ ರಿಯಾಯಿತಿಯನ್ನು ದೊಡ್ಡದಾಗಿ ಇಟ್ಟುಕೊಳ್ಳುವವರೂ ಇದ್ದಾರೆ. ವಹಿವಾಟು ಕಡಿಮೆ ತೋರಿಸುವ ಅಂಗಡಿಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅತಿಥಿಗಳನ್ನು ಕರೆದು ಆಡಿಸುವ ಪಂದ್ಯಗಳಲ್ಲಿ ಸ್ಟೇಬಲ್‌ಫರ್ಡ್ ಎಂಬ ಇನ್ನೊಂದು ಕ್ರಮವೂ ಬಳಕೆಯಲ್ಲಿದೆ. ಇದರಲ್ಲಿ ಮಾತ್ರ ಹೆಚ್ಚು ಅಂಕ ಪಡೆದವನು ಗೆಲ್ಲುತ್ತಾನೆ: ಪಾರ್‌ಗೆ 2, ಬೋಗಿಗೆ 1, ಬರ್ಡಿಗೆ 3. ಡಬಲ್ ಬೋಗಿಯಾದರೆ ಸೊನ್ನೆ. ಒಂದು ಕುಳಿಯಲ್ಲಿ ಕೆಟ್ಟರೂ ಇಡೀ ಸುತ್ತು ಹಾಳಾಗುವುದಿಲ್ಲ.

ಇನ್ನು ಅಂಕಪಟ್ಟಿ. ಪಂದ್ಯದಲ್ಲಿ ಆಟಗಾರನ ಅಂಕಗಳನ್ನು ಬರೆಯುವವನು ಜೊತೆಯ ಆಟಗಾರ. ಸುತ್ತು ಮುಗಿದ ಮೇಲೆ ಬರೆದವನೂ ಆಡಿದವನೂ ಇಬ್ಬರೂ ಸಹಿ ಮಾಡಬೇಕು. ಮೊತ್ತ ಕೂಡಿಸುವುದು ಪಂದ್ಯ ಸಮಿತಿಯ ಕೆಲಸ. ಆದರೆ ಕುಳಿವಾರು ಅಂಕಗಳಿಗೆ ಆಡಿದವನೇ ಹೊಣೆ. 1968ರ ಏಪ್ರಿಲ್ 14ರಂದು ಅಮೆರಿಕದ ಅಗಸ್ಟಾದಲ್ಲಿ ಮಾಸ್ಟರ್ಸ್ ಪಂದ್ಯಾವಳಿಯ ಕೊನೆಯ ದಿನ ಅರ್ಜೆಂಟೀನಾದ ರಾಬರ್ಟೊ ಡಿ ವಿಸೆಂಜೊ 65 ಹೊಡೆತಗಳಲ್ಲಿ ಸುತ್ತು ಮುಗಿಸಿ ಬಾಬ್ ಗೋಲ್ಬಿಯವರೊಡನೆ 277ರಲ್ಲಿ ಸಮನಾಗಿ ನಿಂತಿದ್ದರು. ಆದರೆ 17ನೆಯ ಕುಳಿಯಲ್ಲಿ ಅವರು ಪಡೆದ 3ನ್ನು ಜೊತೆಗಾರ 4 ಎಂದು ಬರೆದಿದ್ದರು. ಡಿ ವಿಸೆಂಜೊ ಅದನ್ನು ನೋಡದೆ ಸಹಿ ಮಾಡಿದರು. ಸಾವಿರಾರು ಜನ ಕಣ್ಣಾರೆ ಕಂಡ ಹೊಡೆತವಾದರೂ ನಿಯಮದಂತೆ ಸಹಿಯಾದ 4 ಹಾಗೆಯೇ ಉಳಿಯಿತು. ಅವರ ಮೊತ್ತ 278 ಆಯಿತು. ಮರುದಿನ ನಡೆಯಬೇಕಿದ್ದ ನಿರ್ಣಾಯಕ ಸುತ್ತು ನಡೆಯಲೇ ಇಲ್ಲ, ಪ್ರಶಸ್ತಿ ಗೋಲ್ಬಿಯವರ ಪಾಲಾಯಿತು. ಅಂದು ಡಿ ವಿಸೆಂಜೊ ಅವರ 45ನೆಯ ಹುಟ್ಟುಹಬ್ಬ.

ಆ ನಿಯಮ ಈಗಲೂ ಇದೆ. ಇದ್ದುದಕ್ಕಿಂತ ಹೆಚ್ಚು ಬರೆದ ಅಂಕಕ್ಕೆ ಸಹಿ ಬಿದ್ದರೆ ಹೆಚ್ಚಿನದೇ ಖಾಯಂ. ಕಡಿಮೆ ಬರೆದದ್ದಕ್ಕೆ ಸಹಿ ಬಿದ್ದರೆ ಸಾಮಾನ್ಯವಾಗಿ ಪಂದ್ಯದಿಂದಲೇ ಅನರ್ಹ.