ಎಚ್, ಐ, ಟಿ ಬರುವ ಐದಕ್ಷರದ ಇಂಗ್ಲಿಷ್ ಪದಗಳು



ಈ ಸಲದ ಇಂಗ್ಲಿಷ್ ಪಾಠ ಒಗಟಿನ ಹಾಗಿದೆ. ಪದದಲ್ಲಿ ಐದೇ ಅಕ್ಷರ ಇರಬೇಕು. ಅದರಲ್ಲಿ ಎಚ್, ಐ, ಟಿ ಮೂರೂ ಬರಬೇಕು. ಹಿಂದೆ ಮುಂದೆ ಆದರೂ ಪರವಾಗಿಲ್ಲ. ಅಂಥ ಪದ ಎಷ್ಟು ಸಿಗುತ್ತವೆ ನೋಡೋಣ.

ಸುಮ್ಮನೆ ತಲೆ ಕೆರೆದುಕೊಂಡು ಕೂತರೆ ಎರಡೋ ಮೂರೋ ಹೊಳೆಯುತ್ತವೆ ಅಷ್ಟೇ. ಉಪಾಯ ಏನಂದ್ರೆ, ಮೊದಲು ಎಚ್ ಅಕ್ಷರವನ್ನು ಹಿಡಿಯಬೇಕು. ಅದು ಒಂಟಿಯಾಗಿ ಇರೋದು ಕಮ್ಮಿ. ಟಿ, ಎಸ್, ಸಿ, ಜಿ, ಡಬ್ಲ್ಯೂ ಇವುಗಳ ಪಕ್ಕ ಅಂಟಿಕೊಂಡೇ ಇರುತ್ತೆ. ಅದಕ್ಕೆ ಕಾರಣವೂ ಇದೆ. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರಗಳಿವೆ. ತ ಬೇರೆ, ಥ ಬೇರೆ, ಸ ಬೇರೆ, ಶ ಬೇರೆ. ಇಂಗ್ಲಿಷಿನಲ್ಲಿ 26 ಮಾತ್ರ. ಸಾಲದೆ ಬಂದಾಗ ಎಚ್ ಅನ್ನು ಪಕ್ಕಕ್ಕೆ ಕರೆದು ಕೆಲಸ ಮಾಡಿಸಿಕೊಳ್ಳುತ್ತಾರೆ. ಎಸ್ ಪಕ್ಕ ನಿಂತರೆ ಶ, ಸಿ ಪಕ್ಕ ನಿಂತರೆ ಹೆಚ್ಚಾಗಿ ಚ.

ಈಗ ಟಿ-ಎಚ್ ಜೋಡಿಯನ್ನು ಪದದ ಮೊದಲಿಗೆ ಇಡಿ. ಥಿಂಗ್ (ವಸ್ತು), ಥಿಂಕ್ (ಯೋಚಿಸು), ಥಿಕ್ (ದಪ್ಪ), ಥೀಫ್ (ಕಳ್ಳ), ಥರ್ಡ್ (ಮೂರನೆಯ), ದೇರ್ (ಅವರ) ಬಂದವು. ಅದೇ ಜೋಡಿಯನ್ನು ಕೊನೆಗೆ ತಳ್ಳಿದರೆ ಬರ್ತ್ (ಹುಟ್ಟು), ಫೇತ್ (ನಂಬಿಕೆ), ವಿಡ್ತ್ (ಅಗಲ), ಫಿಫ್ತ್ (ಐದನೆಯ), ಸಿಕ್ಸ್ತ್ (ಆರನೆಯ). ಒಂದೇ ಉಪಾಯಕ್ಕೆ ಹನ್ನೊಂದು ಪದ!

ಎಲ್ಲಕ್ಕಿಂತ ದೊಡ್ಡ ಸಂಸಾರ ಐ-ಜಿ-ಎಚ್-ಟಿ ಅನ್ನೋದು. ಇದರ ಮುಂದೆ ಒಂದೊಂದೇ ಅಕ್ಷರ ಹಾಕುತ್ತಾ ಹೋಗಿ. ಲೈಟ್, ನೈಟ್, ರೈಟ್, ಫೈಟ್, ಟೈಟ್, ಮೈಟ್ (ಬಲ), ಸೈಟ್ (ನೋಟ). ಎಂಟನೆಯದು ಏಯ್ಟ್, ಅಂದರೆ ಎಂಟೇ! ಲೇಔಟಿನ ಬೋರ್ಡಿನಲ್ಲಿ ಬರೆದಿರುವ ಸೈಟು ಇದಲ್ಲ. ಅದು ಎಸ್-ಐ-ಟಿ-ಇ, ನಾಲ್ಕೇ ಅಕ್ಷರ, ಎಚ್ ಇಲ್ಲ. ಈ ಪದಗಳಲ್ಲಿ ಜಿ-ಎಚ್ ಬಾಯಿಗೆ ಬರೋದೇ ಇಲ್ಲ, ಮತ್ತೆ ಯಾಕೆ ಬರೀಬೇಕು ಅಂತ ನಮಗೆಲ್ಲ ಸಿಟ್ಟು ಬರುತ್ತೆ. ಹಿಂದಿನ ಕಾಲದಲ್ಲಿ ಇಂಗ್ಲಿಷರು ಅದನ್ನು ಗಂಟಲಿನಿಂದ ಹಕಾರದ ಹಾಗೆ ನುಡಿಯುತ್ತಿದ್ದರು. ಆಮೇಲೆ ನುಡಿಯೋದನ್ನು ಬಿಟ್ಟರು, ಬರೆಯೋದನ್ನು ಬಿಡಲಿಲ್ಲ. ಅವರ ನೆಂಟ ಭಾಷೆಯಾದ ಜರ್ಮನ್‌ನಲ್ಲಿ ಈಗಲೂ ರಾತ್ರಿಗೆ ನಾಖ್ಟ್ ಅಂತ ಗಂಟಲಿನಿಂದಲೇ ಹೇಳುತ್ತಾರೆ.

ವರ್ಡಲ್ ಅಂತ ಮೊಬೈಲಿನಲ್ಲಿ ಒಂದು ಆಟವಿದೆ. ಜಾಶ್ ವಾರ್ಡಲ್ ಅನ್ನುವವರು 2021ರಲ್ಲಿ ಅದನ್ನು ಎಲ್ಲರಿಗೂ ಬಿಟ್ಟರು. ಐದಕ್ಷರದ ಪದವನ್ನು ಆರು ಸಲದಲ್ಲಿ ಕಂಡುಹಿಡಿಯಬೇಕು. ಅಲ್ಲಿ ಈ ಐ-ಜಿ-ಎಚ್-ಟಿ ಬಂದರೆ ಜಾಣರೂ ಸೋಲುತ್ತಾರೆ. ನಾಲ್ಕು ಅಕ್ಷರ ಗೊತ್ತಿದ್ದರೂ ಎಂಟು ಪದ ಉಳಿದಿರುತ್ತವಲ್ಲ! ಒಂದೊಂದೇ ಹೇಳುತ್ತಾ ಹೋಗಬಾರದು. ಫಿಲ್ಮ್ಸ್ ಅಂತ ಹಾಕಿ ನೋಡಿ. ಎಫ್, ಎಲ್, ಎಂ, ಎಸ್ ನಾಲ್ಕೂ ಒಂದೇ ಸಲಕ್ಕೆ ಪರೀಕ್ಷೆ ಆಗುತ್ತವೆ.

ಇನ್ನು ಎಸ್-ಎಚ್ ಜೋಡಿ. ಶಿಫ್ಟ್ ಮತ್ತು ಶರ್ಟ್. ಇವೆರಡಕ್ಕೂ ನಾಲ್ಕನೇ ಅಕ್ಷರ ಒಂದೇ ವ್ಯತ್ಯಾಸ, ಒಂದಕ್ಕೆ ಎಫ್, ಇನ್ನೊಂದಕ್ಕೆ ಆರ್. ಗಾರ್ಮೆಂಟ್ಸಿಗೆ ಹೋಗುವವರಿಗೆ ಎರಡೂ ದಿನಾ ಬೇಕಾದ ಪದಗಳು.

ಶಿಫ್ಟ್ ಅಂದಾಗ ಒಂದು ವಿಷಯ ಹೇಳಲೇಬೇಕು. ಪೀಣ್ಯ, ಬೊಮ್ಮಸಂದ್ರ, ಜಿಗಣಿ ಕಡೆ ಫ್ಯಾಕ್ಟರಿಗೆ ಹೋಗುವವರು ನಮ್ಮ ಎಷ್ಟೋ ಮನೆಗಳಲ್ಲಿ ಇದ್ದಾರೆ. ನಮ್ಮ ಪಕ್ಕದ ಮನೆ ಅಣ್ಣ ಹೊಸದಾಗಿ ಒಂದು ಕಡೆ ಸೇರಿದ್ದರು. ನೋಟೀಸ್ ಬೋರ್ಡಿನಲ್ಲಿ ಅವರ ಹೆಸರು ಫಸ್ಟ್ ಶಿಫ್ಟಿನಲ್ಲಿತ್ತು. ಅವರು ಥರ್ಡ್ ಅಂದುಕೊಂಡು ರಾತ್ರಿ 10 ಗಂಟೆಗೆ ಹೋದರು. ವಾಚ್‌ಮನ್ ವಾಪಸ್ ಕಳಿಸಿದರು. ಆ ದಿನದ ಸಂಬಳ ಹೋಯಿತು. ಅಣ್ಣನಿಗೆ ಓದು ಬರಲ್ಲ ಅಂತೇನಿಲ್ಲ, ಕನ್ನಡ ಪೇಪರನ್ನು ಪೂರ್ತಿ ಓದುತ್ತಾರೆ. ಆದರೆ ಫಸ್ಟ್ ಅಂದರೆ ಎಫ್-ಐ-ಆರ್-ಎಸ್-ಟಿ, ಥರ್ಡ್ ಅಂದರೆ ಟಿ-ಎಚ್-ಐ-ಆರ್-ಡಿ. ಎರಡಕ್ಕೂ ಐದೈದು ಅಕ್ಷರ, ಎರಡರಲ್ಲೂ ಐ-ಆರ್ ಒಟ್ಟಿಗೆ, ಎರಡರಲ್ಲೂ ಟಿ. ಅವಸರದಲ್ಲಿ ನೋಡಿದರೆ ಒಂದೇ ಥರ ಕಾಣುತ್ತೆ. ನಾನು ಹಾಳೆಯಲ್ಲಿ ಬರೆದು ಅವರಿಗೆ ತೋರಿಸಿದೆ. ಮೊದಲನೇ ಪದದಲ್ಲಿ ಎಚ್ ಇದ್ದರೆ ಥರ್ಡ್, ಇಲ್ಲದಿದ್ದರೆ ಫಸ್ಟ್. ಸೆಕೆಂಡಿಗೆ ಆರು ಅಕ್ಷರ, ಅದು ಉದ್ದದಿಂದಲೇ ಗೊತ್ತಾಗುತ್ತೆ. ಆದರೆ ಶಿಫ್ಟ್ ಅನ್ನೋ ಪದದಲ್ಲೂ ಎಚ್ ಇದೆ, ಅದನ್ನು ನೋಡಿ ಮೋಸ ಹೋಗಬಾರದು. ನಿಮ್ಮ ಮನೆಯಲ್ಲಿ ಫ್ಯಾಕ್ಟರಿಗೆ ಹೋಗುವವರಿದ್ದರೆ ಇವತ್ತೇ ಇದನ್ನು ತೋರಿಸಿ.

ಡಬ್ಲ್ಯೂ-ಎಚ್ ಜೋಡಿಯ ಪದ ವೈಟ್. ವೈಟ್‌ಫೀಲ್ಡ್ ಅನ್ನುವ ಊರಿನ ಹೆಸರಿನಲ್ಲಿ ಇದೇ ಇದೆ. ವೈಟ್ ಐದು, ಫೀಲ್ಡ್ ಐದು, ಒಟ್ಟು ಹತ್ತು ಅಕ್ಷರ. ಬಿಳಿ ಹೊಲ ಅಂತ ಅರ್ಥ ಮಾಡಬೇಡಿ! 1882ರಲ್ಲಿ ಮೈಸೂರು ಮಹಾರಾಜರಾದ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ನರು ನೆಲೆಸಲು ಅಲ್ಲಿ ಜಮೀನು ಕೊಟ್ಟರು. ಅವರ ಸಂಘದ ಮುಖಂಡರು ಡಿ. ಎಸ್. ವೈಟ್. ಅವರ ಹೆಸರೇ ಊರಿಗೆ ಬಂತು. ಮೆಟ್ರೋ ರೈಲು 2023ರಲ್ಲಿ ಅಲ್ಲಿಗೆ ಬಂತು. ಹೋದಾಗ ಬೋರ್ಡಿನ ಅಕ್ಷರ ಎಣಿಸಿ.

ಇಲ್ಲಿಯವರೆಗೆ ಅಕ್ಷರ ಎಲ್ಲಾದರೂ ಇರಲಿ ಅಂದೆ. ಈಗ ಜಾಗವನ್ನೂ ಕಟ್ಟಿಹಾಕೋಣ. ಎರಡು ಪ್ರಶ್ನೆ.

1) ಎಚ್, ಐ, ಟಿ ಇರುವ ಐದಕ್ಷರದ ಪದ. ಎರಡನೆಯದು ಐ, ಕೊನೆಗೆ ಟಿ-ಸಿ-ಎಚ್. ಕ್ರಿಕೆಟ್ ಆಡುವಾಗ ಅದರ ಮೇಲೇ ಓಡುತ್ತೀರಿ. ಮೊದಲ ಅಕ್ಷರ ಯಾವುದು?

2) ಒಂಬತ್ತು ಅಕ್ಷರದ ಹೆಸರು. ಬಿ, ಖಾಲಿ, ಎನ್, ಜಿ, ಎ, ಎಲ್, ಖಾಲಿ, ಆರ್, ಖಾಲಿ. ಇದಕ್ಕೆ ಎರಡು ಸರಿ ಉತ್ತರ ಇವೆ. ಒಂದು ಹಳೆಯದು, ಇನ್ನೊಂದು 2014ರ ನವೆಂಬರ್ 1ರಿಂದ ಸರ್ಕಾರ ಜಾರಿಗೆ ತಂದದ್ದು. ಖಾಲಿ ಜಾಗದಲ್ಲಿ ಬರೋದೆಲ್ಲ ಸ್ವರಗಳೇ. ವ್ಯಂಜನ ಒಂದೂ ಅಲ್ಲಾಡಿಲ್ಲ.

ಉತ್ತರವನ್ನು ಚೀಟಿಯಲ್ಲಿ ಬರೆದು, ಹೆಸರು ಮತ್ತು ತರಗತಿ ಹಾಕಿ, ಪಕ್ಕದ ಡಬ್ಬಿಗೆ ಹಾಕಿ. ಸರಿ ಉತ್ತರ ಮುಂದಿನ ಸಂಚಿಕೆಯಲ್ಲಿ.