ಪರದೆ ಹಿಂದೆ ನಿಂತು ಕಕ್ಕ ಮಾಡುವ ಮಗ

ಪ್ರಶ್ನೆ: ಮಗನಿಗೆ ಎರಡು ವರ್ಷ ನಾಲ್ಕು ತಿಂಗಳು. ಇನ್ನೂ ಡೈಪರ್ ಬಿಟ್ಟಿಲ್ಲ. ಪಾಟಿ ಚೇರ್ ಮೇಲೆ ಕೂರಿಸಿದರೆ ಚೀರಾಡುತ್ತಾನೆ. ಎಬ್ಬಿಸಿದ ಮೇಲೆ ಪರದೆ ಹಿಂದೆ ಹೋಗಿ ನಿಂತು ಡೈಪರ್‌ನಲ್ಲೇ ಮಾಡುತ್ತಾನೆ. ಈಚೆಗೆ ಎರಡು ಮೂರು ದಿನಕ್ಕೊಮ್ಮೆ ಹೋಗುತ್ತಿದ್ದಾನೆ, ಅದೂ ಗಟ್ಟಿ. ‘ನಿನ್ನ ಗಂಡ ವರ್ಷ ತುಂಬೋದ್ರೊಳಗೆ ಕಲಿತಿದ್ದ’ ಅಂತಾರೆ ಅತ್ತೆ. ಜೂನ್‌ನಲ್ಲಿ ಪ್ಲೇ ಸ್ಕೂಲ್‌ಗೆ ಸೇರಿಸಬೇಕು, ಡೈಪರ್ ಹಾಕಿ ಕಳಿಸಬಾರದಂತೆ. ಏನು ಮಾಡಲಿ?
- ಹೆಸರು ಬೇಡ, ಹಾಸನ

ಉತ್ತರ: ಪರದೆ ಹಿಂದೆ ಹೋಗುತ್ತಾನೆ ಎಂದಿರಲ್ಲ, ಅದು ಒಳ್ಳೆಯ ಸೂಚನೆ. ಕಕ್ಕ ಬರುತ್ತಿದೆ ಎಂದು ಅವನಿಗೆ ಮೊದಲೇ ಗೊತ್ತಾಗುತ್ತಿದೆ, ಜಾಗ ಸಿಗುವವರೆಗೆ ತಡೆದುಕೊಳ್ಳಲೂ ಬರುತ್ತದೆ. ಕಲಿಯಬೇಕಾದ ಕಷ್ಟದ ಭಾಗ ಅದೇ. ಉಳಿದಿರುವುದು ಭಯ.

ಭಯದ ಮೂಲ ಪಾಟಿ ಚೇರ್ ಅಲ್ಲ, ಗಟ್ಟಿ ಕಕ್ಕ ಇರಬೇಕು. ಒಮ್ಮೆ ನೋವಾದರೆ ಮಗು ಮುಂದಿನ ಸಲ ಬಿಗಿಹಿಡಿಯುತ್ತದೆ. ಒಳಗೇ ಉಳಿದದ್ದು ಇನ್ನಷ್ಟು ಒಣಗಿ ಇನ್ನಷ್ಟು ನೋಯಿಸುತ್ತದೆ. ಹಾಗಾಗಿ ಎರಡು ವಾರ ಕೂರಿಸುವುದನ್ನೇ ಬಿಡಿ, ಡೈಪರ್‌ನಲ್ಲೇ ಮಾಡಲಿ. ಹಾಲು ದಿನಕ್ಕೆ ಅರ್ಧ ಲೀಟರ್ ಮೀರದಿರಲಿ. ಹಾಲಿನಲ್ಲೇ ಹೊಟ್ಟೆ ತುಂಬಿದರೆ ಮಗು ಊಟ ಮಾಡುವುದಿಲ್ಲ, ನಾರಿನಂಶ ಒಳಗೆ ಹೋಗುವುದಿಲ್ಲ. ಪಪ್ಪಾಯಿ, ಬಸ್ಸಾರಿನ ಸೊಪ್ಪು, ನೆನೆಸಿ ಕಿವುಚಿದ ಒಣದ್ರಾಕ್ಷಿ ಕೊಡಿ, ನೀರು ಕುಡಿಸಿ. ವೀಳ್ಯದೆಲೆ ತೊಟ್ಟಿಗೆ ಎಣ್ಣೆ ಹಚ್ಚಿ ತೂರಿಸುವುದು, ಸೋಪಿನ ಚೂರು ಇಡುವುದು ದಯವಿಟ್ಟು ಬೇಡ. ಆ ಜಾಗದ ಬಗ್ಗೆ ಅವನಿಗೆ ಈಗಾಗಲೇ ಇರುವ ಹೆದರಿಕೆ ಅದರಿಂದ ಹೆಚ್ಚುತ್ತದೆ. ಇಷ್ಟಕ್ಕೂ ಮೆತ್ತಗಾಗದಿದ್ದರೆ, ಅಥವಾ ರಕ್ತ ಕಂಡರೆ, ಮಕ್ಕಳ ವೈದ್ಯರ ಬಳಿ ಹೋಗಿ. ಮೆತ್ತಗಾಗಿಸುವ ಸಿರಪ್ ಬರೆದುಕೊಡುತ್ತಾರೆ. ಅದನ್ನು ಅವರು ಹೇಳಿದಷ್ಟು ದಿನ ಪೂರ್ತಿ ಕೊಡಿ, ನಡುವೆ ನಿಲ್ಲಿಸಬೇಡಿ.

ಆಮೇಲೆ ಪರದೆ ಹಿಂದಿನ ಜಾಗವನ್ನು ಬಚ್ಚಲಿಗೆ ಬದಲಾಯಿಸಿ. ಡೈಪರ್ ಹಾಕಿಕೊಂಡೇ ಅಲ್ಲಿ ನಿಂತು ಮಾಡಲಿ. ಅದು ರೂಢಿಯಾದ ಮೇಲೆ ಡೈಪರ್ ಸಮೇತ ಪಾಟಿ ಮೇಲೆ ಕೂರಲಿ, ಕೊನೆಗೆ ಡೈಪರ್ ಬಿಚ್ಚಿ. ಅವನ ಪಾದ ನೆಲಕ್ಕೆ ತಾಗಬೇಕು. ತಾಗದಿದ್ದರೆ ಕಾಲಡಿ ಮಣೆ ಇಡಿ. ಕಾಲು ಜೋತಾಡುತ್ತಿದ್ದರೆ ಮುಕ್ಕಲು ಆಗುವುದಿಲ್ಲ. ಹೊಟ್ಟೆಗೆ ಊಟ ಬಿದ್ದ ಸ್ವಲ್ಪ ಹೊತ್ತಿಗೆ ಕರುಳು ತಾನಾಗಿ ಚುರುಕಾಗುವುದರಿಂದ ಬೆಳಗಿನ ತಿಂಡಿ ಆದ ಮೇಲಿನ ಹೊತ್ತು ಸರಿ. ಐದು ನಿಮಿಷ ಸಾಕು. ಎದ್ದುಹೋದರೆ ಹೋಗಲಿ.

ಸುಸ್ಸು ಸುಲಭ, ಅದನ್ನು ಈಗಲೇ ಶುರು ಮಾಡಬಹುದು. ಹಗಲು ಡೈಪರ್ ತೆಗೆದು ಸಡಿಲ ಎಲಾಸ್ಟಿಕ್‌ನ ಚಡ್ಡಿ ಹಾಕಿ, ಅವನೇ ಇಳಿಸಿಕೊಳ್ಳುವಂತಿರಲಿ. ಕಕ್ಕ ಬಂದಾಗ ಮಾತ್ರ ಡೈಪರ್ ಹಾಕಿ. ಮಳೆ ಹಿಡಿದರೆ ನಿಮ್ಮ ಕಡೆ ಬಟ್ಟೆ ಒಣಗುವುದಿಲ್ಲ, ಆದ್ದರಿಂದ ಬೇಸಿಗೆಯಲ್ಲೇ ಆರಂಭಿಸಿ. ಒದ್ದೆ ಮಾಡಿಕೊಂಡರೆ ಗದರಬೇಡಿ, ನಾಚಿಕೆಪಡಿಸಬೇಡಿ. ‘ಸುಸ್ಸು ಬಂತಾ? ಬಾ, ಚಡ್ಡಿ ಬದಲಾಯಿಸೋಣ’ ಎಂದರೆ ಸಾಕು. ರಾತ್ರಿ ಡೈಪರ್ ಇರಲಿ. ರಾತ್ರಿಯ ಹಿಡಿತ ಎಷ್ಟೋ ಮಕ್ಕಳಿಗೆ ಐದು ವರ್ಷದವರೆಗೂ ಬರುವುದಿಲ್ಲ, ಅದು ಕಾಯಿಲೆಯಲ್ಲ.

ಅತ್ತೆ ಹೇಳುವುದೂ ಸುಳ್ಳಲ್ಲ. ಆಗ ಕೂಸನ್ನು ಹೊತ್ತುಹೊತ್ತಿಗೆ ಕಾಲ ಮೇಲೆ ಕೂರಿಸಿಕೊಂಡು ‘ಸ್ಸ್’ ಎನ್ನುತ್ತಿದ್ದರು. ಹೊತ್ತು ಗೊತ್ತಿದ್ದದ್ದು ತಾಯಿಗೆ. ತಾನಾಗಿ ಹೇಳಿ, ತಡೆದು, ಹೋಗಿ ಕೂರುವ ಶಕ್ತಿ ಹೆಚ್ಚಿನ ಮಕ್ಕಳಿಗೆ ಬರುವುದು ಎರಡರಿಂದ ಮೂರು ವರ್ಷದೊಳಗೆ. ಅತ್ತೆಯ ಆ ಕಣ್ಣಳತೆ ಮನೆಗೆ ಬೇಕು. ಬೆಳಗಿನ ಹೊತ್ತು ಮೊಮ್ಮಗನನ್ನು ಅವರ ಕೈಗೇ ಬಿಡಿ, ಗದರಬಾರದೆಂಬ ಒಂದೇ ಮಾತಿನ ಮೇಲೆ.

ಶಾಲೆಯವರನ್ನು ಈಗಲೇ ಹೋಗಿ ಕೇಳಿ: ಮಗು ಒದ್ದೆ ಮಾಡಿಕೊಂಡರೆ ಆಯಾ ಬಟ್ಟೆ ಬದಲಾಯಿಸುತ್ತಾರಾ, ಬೈಯುತ್ತಾರಾ? ಬದಲಾಯಿಸುತ್ತೇವೆ ಎಂದರೆ ಚೀಲದಲ್ಲಿ ಎರಡು ಜೊತೆ ಬಟ್ಟೆ ಇಟ್ಟು ಕಳಿಸಿ. ಆಗುವುದಿಲ್ಲ ಎಂದರೆ ಬೇರೆ ಶಾಲೆ ನೋಡಿ.