‘ಟೈಟ್’, ‘ಬಿಗಿ’, ‘ವೀಙ್ಙುಕ’: ಒಂದು ಅರ್ಥವಿಚಾರ

ಇಂಗ್ಲಿಷಿನ ‘ಟೈಟ್’ ಎಂಬ ಪದವನ್ನು ಕನ್ನಡದಲ್ಲಿ ‘ಬಿಗಿಯಾದ’ ಎಂದು ಅರ್ಥೈಸುವುದು ರೂಢಿ. ವ್ಯವಹಾರಕ್ಕೆ ಇಷ್ಟು ಸಾಕು. ಆದರೆ ಈ ಎರಡು ಪದಗಳು ಬಂದ ದಾರಿ ಬೇರೆ ಬೇರೆ. ‘ಟೈಟ್’ ಪದವು ಪ್ರಾಚೀನ ನಾರ್ಸ್ ಭಾಷೆಯ ‘ಥೇತ್ತರ್’ ಎಂಬುದಕ್ಕೆ ಸಂಬಂಧಿಸಿದ್ದು. ಜರ್ಮನಿನ ‘ಡಿಖ್ಟ್’ ಅದರ ಜ್ಞಾತಿಪದ. ಒತ್ತಾದ, ನೀರು ಸೋರದ ಎಂಬುದು ಅಲ್ಲಿಯ ಹಳೆಯ ಅರ್ಥ. ಹಗ್ಗ ಸೆಳೆದು ನಿಂತ ಸ್ಥಿತಿಗೆ ಆ ಪದ ಅನ್ವಯವಾದದ್ದು ಅನಂತರ.

ಕನ್ನಡದ ‘ಬಿಗಿ’ಯ ಹಿನ್ನೆಲೆಯನ್ನು ಅರಿಯಲು ಮಲಯಾಳವನ್ನು ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಮಲಯಾಳದಲ್ಲಿ ‘ವೀಙ್ಙುಕ’ ಎಂದರೆ ಊದಿಕೊಳ್ಳುವುದು. ಇದಕ್ಕೆ ಸಮನಾದ ಕನ್ನಡ ರೂಪ ‘ಬೀಗು’. ಪದಾದಿಯ ವಕಾರವು ಕನ್ನಡದಲ್ಲಿ ಬಕಾರವಾಗುವುದಕ್ಕೆ ವಿತ್ತು–ಬಿತ್ತು, ವೇರ್–ಬೇರು ಮುಂತಾದ ಜೋಡಿಗಳು ಸಾಕ್ಷಿ. ಅನುನಾಸಿಕವು ಲೋಪವಾಗಿ ಗಕಾರ ಉಳಿಯುವುದನ್ನು ತೂಙ್ಙುಕ–ತೂಗು, ನೀಙ್ಙುಕ–ನೀಗು ಎಂಬಲ್ಲಿಯೂ ಕಾಣಬಹುದು. ತಮಿಳಿನ ‘ವೀಂಗು’ ಧಾತುವಿಗೆ ಊದುವ ಅರ್ಥವೂ ಬಿಗಿಯಾಗುವ ಅರ್ಥವೂ ಇವೆ. ಆದುದರಿಂದ ‘ಬೀಗು’, ‘ಬಿಗಿ’, ‘ಬಿಗುವು’ ಇವೆಲ್ಲ ಒಂದೇ ಕುಟುಂಬದವೆಂದು ಭಾವಿಸುವುದು ಯುಕ್ತ. ಹಾಲು ತುಂಬಿದ ಕೆಚ್ಚಲು ಬಿಗಿಯುತ್ತದೆ ಎನ್ನುವಾಗ ಈ ಎರಡು ಅರ್ಥಗಳೂ ಇಂದಿಗೂ ಒಟ್ಟಿಗೇ ನಿಲ್ಲುತ್ತವೆ. ಒಳಗಿನಿಂದ ತುಂಬಿ ಬರುವ ಒತ್ತಡವೇ ಇಲ್ಲಿ ಬಿಗಿತ. ‘ಬಿಗುಮಾನ’ ಎಂಬ ಸಮಾಸದ ಸೊಗಸೂ ಇದರಿಂದಲೇ ತಿಳಿಯುತ್ತದೆ.

ಹೊರಗಿನಿಂದ ಒತ್ತುವ ಬಿಗಿತಕ್ಕೆ ದ್ರಾವಿಡದಲ್ಲಿ ಬೇರೊಂದು ಧಾತು ಇದೆ. ಕನ್ನಡದ ‘ಇರುಕು’ ಹಳೆಯ ‘ಇಱುಕು’ ರೂಪದಿಂದ ಬಂದುದು. ಕನ್ನಡವು ಕಳೆದುಕೊಂಡ ಱಕಾರವನ್ನು ಮಲಯಾಳವು ‘ಇಱುಕ್ಕಂ’ ಎಂಬಲ್ಲಿ ಈಗಲೂ ಉಚ್ಚರಿಸುತ್ತದೆ. ಬಾಗಿಲ ಸಂದಿಯಲ್ಲಿ ಬೆರಳು ಇರುಕುತ್ತದೆ, ಬಿಗಿಯುವುದಿಲ್ಲ. (ಮಲಯಾಳದಲ್ಲಿ ಬಿಗಿಮಾಡುವುದಕ್ಕಿರುವ ಇನ್ನೊಂದು ಮಾತು ‘ಮುಱುಕ್ಕುಕ’, ವೀಳ್ಯ ಜಗಿಯುವುದಕ್ಕೂ ಅದೇ ಮಾತು!)

1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಇದು ಕೇವಲ ನಿಘಂಟಿನ ಪ್ರಶ್ನೆಯಲ್ಲ. ಎರಡೂ ಭಾಷೆಗಳ ನಡುವೆ ಬದುಕುವ ಅಲ್ಲಿಯ ಅನುವಾದಕನಿಗೆ ಜ್ಞಾತಿಪದವೇ ತೊಡಕಾಗಬಲ್ಲದು. ‘ಮುಖಂ ವೀಙ್ಙಿ’ ಎಂಬುದನ್ನು ‘ಮುಖ ಬೀಗಿತು’ ಎಂದರೆ ಬಾವು ಬಂದವನು ಗರ್ವಿಷ್ಠನಾಗುತ್ತಾನೆ. ‘ಮುಖ ಬಿಗಿಯಿತು’ ಎಂದರೆ ಮುನಿಸಿಕೊಂಡವನಾಗುತ್ತಾನೆ. ‘ಮುಖ ಊದಿಕೊಂಡಿತು’ ಎಂಬುದೇ ಸರಿ. ಇತ್ತ ‘ಟೈಟ್ ಆಯಿತು’ ಎಂಬ ಮಾತು ಅಂಗಿಗೂ ತಿರುಪಿಗೂ ಕೈಯಲ್ಲಿ ಹಣವಿಲ್ಲದ ಸ್ಥಿತಿಗೂ ಸಮನಾಗಿ ಸಲ್ಲುತ್ತಿದೆ. ಚೆಂಡೆಯ ಹಗ್ಗವನ್ನು ಮಾತ್ರ ಯಕ್ಷಗಾನದ ಚೌಕಿಯಲ್ಲಿ ಬಿಗಿಯುವುದೇ ಹೊರತು ಟೈಟ್ ಮಾಡುವುದು ಶೋಭಿಸದು.